ಅರ್ಧ ಬೆರಳು ಎತ್ತರ

ಬೀದಿಯವರೆಲ್ಲ ಅವನನ್ನು ಬೈಂಡಿಂಗ್ ಮಾಮ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು, ಬೆನ್ನು ಮುರಿದ ಪುಸ್ತಕಗಳನ್ನೆಲ್ಲ ನೆಟ್ಟಗೆ ನಿಲ್ಲಿಸುತ್ತಾ ತನ್ನ ಬೆನ್ನು ಬಾಗಿಸಿಕೊಂಡವನು. ಮಗಳನ್ನು ಕೊಟ್ಟ ಮಾವನೇ ಅವನಿಗೆ ಕಸುಬನ್ನೂ ಕಲಿಸಿದ್ದ. ಕಲಿಸುವಾಗ ಒಂದು ಮಾತನ್ನು ತಲೆಗೆ ತುಂಬಿದ್ದ. "ಸೆಟ್ ಅಂದ್ಮೇಲೆ ಎಲ್ಲಾ ಒಂದೇ ಎತ್ತರ ಇರ್ಬೇಕು ಕಣಪ್ಪಾ. ಒಂದು ತಲೆ ಎತ್ತಿದ್ರೂ ಬೈಂಡರ್ ಮಾನ ಹೋಯ್ತು ಅಂತ್ಲೇ ತಿಳ್ಕೊ." ಮಾವ ಹೋಗಿ ಎಷ್ಟೋ ವರ್ಷವಾಗಿತ್ತು. ಮಾತು ಮಾತ್ರ ಕಟಿಂಗ್ ಮಿಷನ್ನಿನ ಪಕ್ಕದಲ್ಲೇ ಕೂತಿತ್ತು.

ಒಂದು ದಿನ ನಾಟಕದ ಮೇಷ್ಟ್ರು ಎರಡು ಚೀಲ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದರು. ಪಕ್ಕದ ಕಾಲೇಜಿನಲ್ಲಿ ಪಾಠ ಹೇಳಿ, ಹುಡುಗರ ಕೈಲಿ ನಾಟಕ ಆಡಿಸಿ ನಿವೃತ್ತರಾದವರು. ಚೀಲದಲ್ಲಿದ್ದದ್ದು ಐರ್ಲೆಂಡಿನ ದೊಡ್ಡ ಕವಿಯೊಬ್ಬನ ಸಮಗ್ರ ಬರಹ, ಏಳು ಸಂಪುಟ. ಕವಿತೆ, ನಾಟಕ, ಪ್ರಬಂಧ, ಪತ್ರ, ಆ ಮನುಷ್ಯ ಬರೆಯದೆ ಬಿಟ್ಟದ್ದೇ ಇಲ್ಲ. ಮಾಮನಿಗೆ ಕವಿ ಅರ್ಥವಾಗುತ್ತಿದ್ದದ್ದು ತೂಕದಲ್ಲಿ. ಎತ್ತಿ ನೋಡಿ, "ಗಟ್ಟಿ ಕುಳ" ಎಂದ.

ಮೇಷ್ಟ್ರು ನಾಟಕಗಳ ಸಂಪುಟವನ್ನು ಬೇರೆಯಾಗಿ ತೆಗೆದು ಅವನ ಕೈಗಿಟ್ಟರು. "ಇದಕ್ಕೆ ಮಾತ್ರ ಬ್ಲೇಡ್ ತಾಗಿಸ್ಬೇಡಪ್ಪಾ. ಪುಟದ ಕೆಳಗೆ ನಮ್ಮನೆಯವಳು ಪೆನ್ಸಿಲ್‌ನಲ್ಲಿ ಬರ್ಕೊಂಡಿದಾಳೆ. ಆ ನಾಟಕದ ಮಾತುಗಳನ್ನ ನಮ್ಮ ಭಾಷೆಗೆ ತರ್ತಾ ಇದ್ಳು." ಆಕೆ ತೀರಿಕೊಂಡು ವರ್ಷ ತುಂಬಿರಲಿಲ್ಲ. "ನೀವು ಓದಿದೀರಾ?" ಎಂದು ಮಾಮ ಕೇಳಿದ್ದಕ್ಕೆ ಮೇಷ್ಟ್ರು ತಲೆಯಾಡಿಸಿದರು. "ಇನ್ನೂ ಧೈರ್ಯ ಬಂದಿಲ್ಲ."

ಮಾಮ ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಕತ್ತರಿಸಬಾರದು' ಎಂದು ಬರೆದು ಸಂಪುಟದೊಳಗೆ ಸಿಕ್ಕಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಏಳನ್ನೂ ಹೊಲಿದು, ಅಂಟು ಹಾಕಿ, ರಟ್ಟು ಹಾಕುವ ಮುಂಚೆ ಸಾಲಾಗಿ ನಿಲ್ಲಿಸಿ ನೋಡಿದ. ಆರು ಸಂಪುಟ ಒಂದೇ ಅಳತೆ. ನಾಟಕದ ಸಂಪುಟ ಬೇರೆ ಕಾಲದ ಮುದ್ರಣ, ಅರ್ಧ ಬೆರಳು ಎತ್ತರ. ಅದು ಅವನ ಕಣ್ಣಿಗೆ ಚುಚ್ಚತೊಡಗಿತು. ಮೇಷ್ಟ್ರ ಕಪಾಟಿಗೆ ಬಂದವರು ನೋಡಿ ಯಾರು ಮಾಡಿದ್ದು ಎಂದು ಕೇಳಿದರೆ? ಮೇಲೆ ಅಚ್ಚು ಅಂಚಿಗೇ ಬಂದಿತ್ತು, ಕತ್ತರಿಸುವುದಾದರೆ ಕೆಳಗೇ. ಎರಡು ಕಡೆ ತೆರೆದು ನೋಡಿದ. ಆ ಪುಟಗಳಲ್ಲಿ ಬರಹವಿರಲಿಲ್ಲ. ಅಷ್ಟು ಸಾಕಾಯಿತು ಮಹಾಶಯನಿಗೆ. ಚೀಟಿಯನ್ನು ತನ್ನ ಕೈಯಾರೆ ತೆಗೆದ. ಮಿಷನ್ನಿನ ಚಕ್ರ ತಿರುಗಿಸಿದ.

ಉದುರಿದ ಕಾಗದದ ಪಟ್ಟಿಗಳಲ್ಲಿ ಪೆನ್ಸಿಲ್ ಗೀಟು ಕಂಡಿತು. ಪುಟ ತಿರುವಿದ. ಆಕೆ ಪುಟದ ಕೆಳಗೆ ಮೂರು ನಾಲ್ಕು ಸಾಲು ಬರೆದಿದ್ದಲ್ಲೆಲ್ಲ ಕೊನೆಯ ಸಾಲು ಹೋಗಿತ್ತು. ಅಕ್ಷರಗಳ ತಲೆಕಟ್ಟು ಮಾತ್ರ ಉಳಿದಿತ್ತು. ಅವನು ಪಟ್ಟಿಗಳನ್ನೆಲ್ಲ ಬಾಚಿ ಮೂಲೆಯ ರದ್ದಿ ಮೂಟೆಗೆ ತುರುಕಿದ, ಆಮೇಲೆ ಆ ತಲೆಕಟ್ಟುಗಳನ್ನೂ ರಬ್ಬರಿನಿಂದ ಉಜ್ಜಿದ. ಕತ್ತರಿಸಿದ್ದು ಚಟ ಎನ್ನೋಣ. ಉಜ್ಜಿದ್ದಕ್ಕೆ ಏನೆನ್ನುವುದು?

ನಾಲ್ಕನೆಯ ದಿನ ಮೇಷ್ಟ್ರು ಬಂದು ಏಳು ಬೆನ್ನುಗಳ ಮೇಲೂ ಕೈಯಾಡಿಸಿದರು. "ಬಂಗಾರದಂಥ ಕೈ ಕಣಯ್ಯಾ ನಿಂದು," ಎಂದರು. ಮಾಮ ಏಳನ್ನೂ ಚೀಲಕ್ಕೆ ತುಂಬಿಕೊಟ್ಟ. ಮುಂದಿನ ವಾರ ರದ್ದಿಯವನು ಬಂದ. ಮೂಟೆ ಭಾರವಾಗಿತ್ತೆಂದು ಮಾಮನೇ ಇನ್ನೊಂದು ತುದಿ ಹಿಡಿದು ಗಾಡಿಗೆ ಏರಿಸಿದ.

ಅಂದಿನಿಂದ ಊಟ ರುಚಿಸಲಿಲ್ಲ. "ಏನ್ರೀ, ಎಲ್ಲಾದ್ರೂ ಕದ್ದು ಬಂದೋರ ಹಾಗೆ ಮುಖ ಮಾಡ್ಕೊಂಡಿದೀರಿ?" ಎಂದು ಹೆಂಡತಿ ತಮಾಷೆ ಮಾಡಿದಳು. ಅವನು ತಟ್ಟೆ ಸರಿಸಿ ಎದ್ದುಹೋದ.

ಆರು ತಿಂಗಳಲ್ಲಿ ಮೇಷ್ಟ್ರ ಕಣ್ಣು ಮಂಜಾಯಿತು. ಆಗ ಅವರಿಗೆ ಹೆಂಡತಿ ಬರೆದದ್ದನ್ನು ಕೇಳುವ ಧೈರ್ಯ ಬಂತು. ಓದಲು ಯಾರನ್ನು ಕರೆದರು ಎನ್ನುತ್ತೀರಿ? "ಪುಸ್ತಕದ ಮರ್ಯಾದೆ ಗೊತ್ತಿರೋನು ನೀನೊಬ್ಬನೇ" ಎಂದು ಹೇಳಿಕಳಿಸಿದರು. ಮಾಮ ಬರುತ್ತೇನೆಂದ.

ಸಂಜೆ ಕೆಲಸ ಮುಗಿಸಿ ಹೋಗುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಕೂರುತ್ತಿದ್ದರು. ಮಾಮ ತಡವರಿಸುತ್ತಾ ಓದುತ್ತಿದ್ದ: "ಕದ ತಟ್ಟಿದ್ದು ಗಾಳಿ ಅಂದ್ಕೊಂಡೆ, ಮಗನೇ. ಗಾಳಿಗೆ ನನ್ನ ಹೆಸರು ಹೇಗೆ ಗೊತ್ತು? ತೆಗೆದು ನೋಡಿದ್ರೆ..."

"ನೋಡಿದ್ರೆ?"

"ಅಷ್ಟೇ ಇರೋದು ಮೇಷ್ಟ್ರೇ."

ಎರಡನೆಯ ಪುಟದಲ್ಲೂ ಅಷ್ಟೇ, ಹತ್ತನೆಯ ಪುಟದಲ್ಲೂ ಅಷ್ಟೇ. ಮೊದಮೊದಲು ಮೇಷ್ಟ್ರು ನಗುತ್ತಿದ್ದರು, "ಕಾಯಿಸೋದು ಅವಳಿಗೆ ಮೊದ್ಲಿಂದಾನೂ ಅಭ್ಯಾಸ" ಎಂದು. ಮೂರನೆಯ ವಾರಕ್ಕೆ ನಗು ನಿಂತಿತು. ಒಂದು ಸಂಜೆ ಅವರು ಕೈಯೆತ್ತಿ ಓದು ನಿಲ್ಲಿಸಿದರು.

"ಸಾಕು. ನಂಗೆ ಅರ್ಥ ಆಯ್ತು. ಇದನ್ನ ರಂಗದ ಮೇಲೆ ತರೋಣ ಅಂತ ಅವಳು ಎಷ್ಟು ಸಲ ಕೇಳಿದ್ಳು ಗೊತ್ತಾ? ಮೊದ್ಲು ಬರೆದು ಮುಗ್ಸು, ಆಮೇಲೆ ನೋಡೋಣ ಅಂತ ಅಂದ್ಬಿಟ್ಟಿದ್ದೆ, ಅಡುಗೆ ಮನೇಲಿದ್ದ ಅವಳ ಕಡೆ ತಿರುಗಿಯೂ ನೋಡದೆ. ಅದಕ್ಕೇ ಎಲ್ಲಾ ಕಡೆ ಕೊನೇ ಸಾಲು ಬರೀದೆ ಬಿಟ್ಟಿದಾಳೆ. ಈ ಮನುಷ್ಯನ ಮುಂದೆ ಮುಗಿಸಿ ಏನು ಪ್ರಯೋಜನ ಅಂತ." ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರಿಳಿಯಿತು. "ಅಷ್ಟು ನೊಂದಿದ್ಳು ಅಂತ ನಂಗೆ ಗೊತ್ತೇ ಆಗ್ಲಿಲ್ಲ ನೋಡು."

ಮಾಮ ಪುಸ್ತಕ ಮುಚ್ಚಿದ. ತಾನು ಮಾಡಿದ ತಪ್ಪನ್ನು ಈ ಮುದುಕ ತಲೆಗೆ ಕಟ್ಟಿಕೊಂಡು ಅಳುತ್ತಿದ್ದಾನಲ್ಲ! ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು.

"ಅಮ್ಮಾವ್ರು ಮುಗ್ಸಿದ್ರು ಮೇಷ್ಟ್ರೇ. ಪ್ರತಿ ಪುಟಾನೂ ಮುಗ್ಸಿದ್ರು. ಕೊನೇ ಸಾಲು ಕತ್ತರಿಸಿದ್ದು ನಾನು. ಎತ್ತರ ಸರಿ ಮಾಡೋಕೆ ಹೋಗಿ."

ಮೇಷ್ಟ್ರು ಕಣ್ಣು ತೆರೆದರು. ಆಮೇಲೆ ಅವರ ಮುಖ ಬಿಚ್ಚಿಕೊಂಡಿತು. "ಮುಗ್ಸಿದ್ಳಾ?" ಎಂದರು. ಇನ್ನೊಮ್ಮೆ, ಯಾರಿಗೋ ಹೇಳುವ ಹಾಗೆ, "ಮುಗ್ಸಿದ್ಳು" ಎಂದರು. ನಕ್ಕೂ ಬಿಟ್ಟರು. ಮಾಮ ಆರೇಳು ತಿಂಗಳಿಂದ ಹಿಡಿದಿದ್ದ ಉಸಿರು ಬಿಟ್ಟ. ಬೈದರೆ ಬೈಯಲಿ, ಎಲ್ಲ ಮುಗಿಯಿತಲ್ಲ ಎಂದುಕೊಂಡ.

ಮೇಷ್ಟ್ರು ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ತುಂಬ ನುಣುಪಾಗಿತ್ತು.

"ಕತ್ತರಿಸಿದ ಚೂರೆಲ್ಲ?"

"ರದ್ದಿಗೆ ಹೋಯ್ತು."

"ನಾನು ಪುಸ್ತಕ ತಗೊಂಡು ಹೋಗೋಕೆ ಬಂದಿದ್ನಲ್ಲ, ಅವತ್ತು ಎಲ್ಲಿತ್ತು?"

ಸುಳ್ಳು ಹೇಳುವುದು ಸುಲಭವಿತ್ತು. ಮಾಮ ನೆಲ ನೋಡಿದ.

"ಅಲ್ಲೇ ಮೂಲೇಲಿತ್ತು ಮೇಷ್ಟ್ರೇ. ನಿಮ್ಮ ಹಿಂದೇನೇ."