ನಾರಾಯಣಮ್ಮನವರಿಗೆ ಬಂದ ಕಾಗದ

ಹೆಬ್ಬಗೋಡಿಯ ಗ್ರಂಥಾಲಯದಲ್ಲಿ ಭಾನುವಾರದ ಬೆಳಿಗ್ಗೆಗಳಲ್ಲಿ ನಾನು ನಿಮಗೆ ಪುಸ್ತಕ ಓದಿ ಹೇಳಿದ್ದು ಐದು ವರ್ಷ. ಅದರಲ್ಲಿ ಕೊನೆಯ ಎರಡು ವರ್ಷ ನಾನು ಓದಲೇ ಇಲ್ಲ. ನನಗೆ ಅಕ್ಷರ ಕಾಣುತ್ತಿರಲಿಲ್ಲ. ಪುಸ್ತಕವನ್ನು ತೆರೆದು ಹಿಡಿದು ನೆನಪಿನಲ್ಲಿದ್ದುದನ್ನು ಒಪ್ಪಿಸುತ್ತಿದ್ದೆ, ಅಂದಾಜಿನ ಮೇಲೆ ಪುಟ ಮಗುಚುತ್ತಿದ್ದೆ. ಈ ಸಂಗತಿಯನ್ನು ಮುಚ್ಚಿಡುವುದಕ್ಕಾಗಿ ನಾನು ಆಡಿದ ಒಂದು ಸುಳ್ಳಿನಿಂದ, ನಿಮ್ಮ ನಡುವೆಯೇ ಕುಳಿತು ಕೇಳುತ್ತಿದ್ದ ನಾರಾಯಣಮ್ಮನವರ ಕೆಲಸ ಹೋಯಿತು. ಆ ಸುಳ್ಳನ್ನು ತಿದ್ದಿಕೊಳ್ಳಲು ನನಗೆ ಎರಡು ದಿನಗಳ ಅವಕಾಶವಿತ್ತು. ತಿದ್ದಿಕೊಳ್ಳಲಿಲ್ಲ.

ಈಗ ನನ್ನ ಕೈಯಿಂದ ಬರವಣಿಗೆ ಸಾಧ್ಯವಿಲ್ಲ. ನಾನು ಹೇಳುತ್ತಿದ್ದೇನೆ, ಸೊಸೆ ವಾಣಿ ಬರೆದುಕೊಳ್ಳುತ್ತಿದ್ದಾಳೆ. ಒಂದು ಪದವನ್ನೂ ಮೆದು ಮಾಡಬಾರದೆಂದು ಅವಳಿಗೆ ಹೇಳಿದ್ದೇನೆ.

ಹಳಬರಿಗೆ ಗೊತ್ತಿರುವುದನ್ನು ಹೊಸಬರಿಗಾಗಿ ಹೇಳಬೇಕು. ನಾನು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನು, ಆಮೇಲೆ ಆನೇಕಲ್ ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದವನು. ಗ್ರಂಥಪಾಲಕರಾಗಿದ್ದ ನಾಗರಾಜು ಒಂದು ದಿನ ಮನೆಗೆ ಬಂದು, "ಕಾರ್ಖಾನೆಯವರಿಗೆ ಭಾನುವಾರ ಒಂದೇ ರಜಾ ಮೇಷ್ಟ್ರೇ. ಪುಸ್ತಕ ತಗೊಂಡು ಹೋಗೋಕೆ ಬರಲ್ಲ, ಓದಿ ಹೇಳಿದ್ರೆ ಬರ್ತಾರೆ" ಎಂದರು. ಹಾಗೆ ಪ್ರಾರಂಭವಾಯಿತು. ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ಬಂದವರು ಕುಳಿತುಕೊಳ್ಳಬಹುದು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರು ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದರು. ಸಂತೆಯ ಚೀಲದೊಂದಿಗೆ ಬರುವ ಹೆಂಗಸರು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ನಾನು ಮೊದಲು ಒಂದು ಶ್ಲೋಕ ಹೇಳಿ ವಾಗ್ದೇವಿಗೆ ಕೈಮುಗಿದು ಪುಸ್ತಕ ತೆರೆಯುತ್ತಿದ್ದೆ. ಆ ಒಂದು ಗಂಟೆಯನ್ನು ನಾನು ಪೂಜೆಯೆಂದೇ ಭಾವಿಸಿದ್ದೆ — ಹಾಗೆ ಭಾವಿಸಿದ್ದರಿಂದಲೇ ಈಗ ಹೇಳಲು ಇಷ್ಟು ಕಷ್ಟವಾಗುತ್ತಿದೆ.

ಮೂರನೆಯ ವರ್ಷ ಕಣ್ಣು ಕೆಟ್ಟಿತು. ವೈದ್ಯರು ಸ್ಪಷ್ಟವಾಗಿ ಹೇಳಿದರು: ಸುತ್ತಲಿನ ನೋಟ ಉಳಿಯುತ್ತದೆ, ನಡುವಿನ ನೋಟ ಹೋಗುತ್ತದೆ, ಎಡವದೆ ನಡೆಯಬಹುದು, ಓದಲು ಆಗುವುದಿಲ್ಲ. ಅವರು ಹೇಳಿದಂತೆಯೇ ಆಯಿತು. ಪುಟದ ಅಂಚುಗಳು ಕಾಣುತ್ತಿದ್ದವು. ಎಲ್ಲಿ ನೋಡಬೇಕೋ ಅಲ್ಲಿ ಬೂದುಬಣ್ಣದ ಒಂದು ಕಲೆ. ಉಪಯೋಗವಿಲ್ಲವೆಂದು ಕನ್ನಡಕವನ್ನು ತೆಗೆದಿಟ್ಟೆ. ಅದಕ್ಕೂ ಹೊಗಳಿಕೆಯೇ ಬಂತು. "ನೋಡ್ರಪ್ಪ, ಈ ವಯಸ್ಸಲ್ಲೂ ಮೇಷ್ಟ್ರಿಗೆ ಕನ್ನಡಕ ಬೇಡ. ನಮ್ ಸೂಪರ್‌ವೈಸರ್‌ಗೆ ಎರಡು ಕನ್ನಡಕ ಹಾಕುದ್ರೂ ನಾವು ಬಂದಿದ್ದು ಕಾಣಲ್ಲ" ಎಂದು ಸೆಕ್ಯೂರಿಟಿ ಕೆಲಸದವರೊಬ್ಬರು ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲವೆಂದು ಹೇಳಬಹುದಾಗಿದ್ದ ಮೊದಲ ಕ್ಷಣ ಅದು.

ಪಾಠಶಾಲೆಯಲ್ಲಿ ನಮಗೆ ಪುಸ್ತಕ ನೋಡಿ ಓದುವವನೆಂದರೆ ತಾತ್ಸಾರ. ಬಾಯಿಗೆ ಬಂದದ್ದೇ ವಿದ್ಯೆ, ಕಂಠಸ್ಥವಾಗದಿದ್ದುದು ನಿನ್ನದಲ್ಲ ಎಂದು ಬೆಳೆಸಿದ್ದರು. ಮೂವತ್ತೈದು ವರ್ಷ ಪಾಠ ಹೇಳಿದ ಕಾವ್ಯಭಾಗಗಳೂ ಪುರಾಣದ ಕಥೆಗಳೂ ನನ್ನ ನಾಲಿಗೆಯ ಮೇಲಿದ್ದವು. ಹೀಗಿರುವಾಗ ಇದು ವಂಚನೆ ಹೇಗಾದೀತು ಎಂದು ನನಗೆ ನಾನೇ ಹೇಳಿಕೊಂಡೆ — ಆದರೆ ವಂಚನೆಯಲ್ಲದಿದ್ದರೆ ಪುಸ್ತಕವನ್ನು ಮುಚ್ಚಿಟ್ಟು ಹೇಳಬಹುದಿತ್ತು. ಪುಟವನ್ನು ಯಾಕೆ ಮಗುಚುತ್ತಿದ್ದೆ? ಮೊದಲು ಓದುತ್ತಿದ್ದ ದಿನಪತ್ರಿಕೆಯ ಲೇಖನವನ್ನು ನಿಲ್ಲಿಸಿ, "ದೇವರ ಕಥೆಯ ನಡುವೆ ಲೋಕದ ಸುದ್ದಿ ಬೇಡ" ಎಂದು ಯಾಕೆ ಹೇಳಿದೆ? ನೀವು ಅದನ್ನೂ ಭಕ್ತಿಯೆಂದೇ ತಿಳಿದಿರಿ.

ಓದು ಮುಗಿದ ಮೇಲೆ ಕೆಲವರು ತಮಗೆ ಬಂದ ಕಾಗದಪತ್ರಗಳನ್ನು ತರುವ ವಾಡಿಕೆಯಿತ್ತು. ಬ್ಯಾಂಕಿನದು, ಆಸ್ಪತ್ರೆಯದು, ಬಾಡಿಗೆ ಕರಾರು. ಇಂಗ್ಲಿಷಿನಲ್ಲಿ ಇರುವುದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಕಣ್ಣು ಹೋದ ಮೇಲೆ "ನಾಗರಾಜು ನೋಡಿ ಹೇಳಲಿ, ನನಗೆ ಜಪಕ್ಕೆ ಹೊತ್ತಾಯಿತು" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಆ ಭಾನುವಾರ ನಾಗರಾಜು ಮದುವೆಗೆಂದು ಊರಿಗೆ ಹೋಗಿದ್ದರು.

ನಾರಾಯಣಮ್ಮನವರು ಬೊಮ್ಮಸಂದ್ರದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದರು. ಗಂಡ ಇಲ್ಲ, ವಯಸ್ಸಾದ ತಾಯಿಯೊಂದಿಗೆ ಆಂಜನೇಯನ ಗುಡಿಯ ಹಿಂದಿನ ವಠಾರದಲ್ಲಿ ವಾಸ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದಿತ್ತು. ಹಿಟ್ಟಿನ ಕಟ್ಟು ಹಾಕಿಸಿಕೊಂಡು ಎರಡು ವಾರವಾಗಿತ್ತು. ಎಲ್ಲರೂ ಮೆಟ್ಟಿಲಿಳಿದ ಮೇಲೆ ಅವರು ಎಡಗೈಯಲ್ಲಿ ಒಂದು ಕಾಗದ ಹಿಡಿದು ಬಂದರು.

"ಕಂಪ್ನಿಯಿಂದ ರಿಜಿಸ್ಟರ್ ಪೋಸ್ಟ್ ಬಂದೈತೆ ಮೇಷ್ಟ್ರೇ. ವಠಾರದಲ್ಲಿ ತೋರ್ಸುದ್ರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತೆ. ನೀವೇ ಓದಿ ಹೇಳಿ, ಸಾಕು."

ಕಾಗದವನ್ನು ಕೈಗೆ ತೆಗೆದುಕೊಂಡೆ. ಬಿಳಿಯ ಅಂಚು ಕಂಡಿತು, ಮೇಲ್ಗಡೆ ಏನೋ ನೀಲಿಯ ಗುರುತು. ಓದುವವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೋ ಅಷ್ಟು ಹೊತ್ತು ಅದರ ಮೇಲೆ ಮುಖವಿಟ್ಟುಕೊಂಡು ನಿಂತೆ. ನಡುವೆ, "ರಜೆಗೆ ಬರೆದು ಕೊಟ್ಟಿದ್ದೀಯೇನಮ್ಮ?" ಎಂದು ಕೇಳಿದೆ.

"ಡಾಕ್ಟ್ರ ಚೀಟಿ ಸಮೇತ ಕೊಟ್ ಕಳ್ಸಿದ್ದೀನಲ್ಲ."

ಆ ಉತ್ತರದಿಂದ ಕಾಗದದಲ್ಲಿ ಏನಿರಬಹುದೆಂದು ನಾನೇ ಕಟ್ಟಿಕೊಂಡೆ. "ಹಾಗಾದರೆ ಹೆದರಿಕೆಯಿಲ್ಲ. ರಜೆ ಬರೆದುಕೊಂಡಿದ್ದಾರೆ. ಕೈ ವಾಸಿಯಾದ ಮೇಲೆ ಬಾ ಎಂದಿದೆ" ಎಂದೆ.

ಅವರು ಹಗುರಾದರು. "ಎರಡ್ ದಿನದಿಂದ ಊಟ ಇಳಿದಿರ್ಲಿಲ್ಲ ಮೇಷ್ಟ್ರೇ" ಎಂದು ನಕ್ಕು, ಒಂದೇ ಕೈಯಲ್ಲಿ ಚೀಲ ಎತ್ತಿಕೊಂಡು ಹೊರಟರು. ಕಾಗದ ಮೇಜಿನ ಮೇಲೆಯೇ ಉಳಿಯಿತು. ಕರೆಯಬಹುದಿತ್ತು. ಕರೆಯಲಿಲ್ಲ. ಅದರಲ್ಲಿ ನಿಜವಾಗಿ ಏನಿದೆಯೋ ಎಂಬ ಅಳುಕು ಆಗಲೇ ಹುಟ್ಟಿತ್ತು. ಅದನ್ನು ಪುಸ್ತಕದೊಳಗಿಟ್ಟು ಮನೆಗೆ ತಂದೆ.

ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ವಾಣಿಯ ಕೈಗೆ ಕೊಟ್ಟು ಓದಿಸಿದೆ. — ಇಲ್ಲಿಗೆ ಬಂದಾಗ ಬರೆಯುತ್ತಿದ್ದವಳ ಲೇಖನಿ ನಿಂತಿತು. "ಆ ಕಾಗದವಾ ಮಾವ?" ಎಂದಳು. ಹೌದು, ಅದೇ. ಬರೆದುಕೋ. — ಅವಳು ಅಂದು ಓದಿ ಹೇಳಿದ್ದು ಇಷ್ಟು: ಅನುಮತಿಯಿಲ್ಲದೆ ಗೈರುಹಾಜರಾಗಿದ್ದೀರಿ; ಈ ಪತ್ರದ ದಿನದಿಂದ ಏಳು ದಿನದೊಳಗೆ ಹಾಜರಾಗಿ ವಿವರಣೆ ಕೊಡದಿದ್ದರೆ ನೀವೇ ಕೆಲಸ ಬಿಟ್ಟಿದ್ದೀರೆಂದು ತಿಳಿಯಲಾಗುವುದು. ದಿನಾಂಕ ಎಣಿಸಿ, "ಮಂಗಳವಾರಕ್ಕೆ ಮುಗಿಯುತ್ತೆ ಮಾವ. ಯಾರದು ಇದು, ಅವರಿಗೆ ಗೊತ್ತಾ?" ಎಂದು ಕೇಳಿದ್ದಳು. "ಗೊತ್ತು" ಎಂದೆ. ಅವಳೂ ನನ್ನನ್ನು ನಂಬಿದಳು.

ಸೋಮವಾರ ನಾನು ಮನೆಯಿಂದ ಹೊರಗೆ ಬರಲಿಲ್ಲ. ಯಾರಿಂದಲಾದರೂ ಹೇಳಿ ಕಳುಹಿಸಬಹುದೇ ಎಂದು ಯೋಚಿಸಿದೆ. ಹೇಳಿ ಕಳುಹಿಸಿದರೆ, ನಿನ್ನೆ ಓದಿದವರು ನೀವೇ ಅಲ್ಲವೇ ಎಂಬ ಪ್ರಶ್ನೆ ಬರುತ್ತಿತ್ತು. ಎಷ್ಟು ಬಗೆಯಲ್ಲಿ ಹೇಳಿಕೊಂಡರೂ ಕಡೆಗೆ ಅದೇ ಒಂದು ಮಾತು ಉಳಿಯುತ್ತಿತ್ತು — ನನಗೆ ಕಣ್ಣು ಕಾಣುವುದಿಲ್ಲ. ಮಂಗಳವಾರ ಬೆಳಿಗ್ಗೆ ಗುಡಿಯಲ್ಲಿ ಪ್ರದಕ್ಷಿಣೆ ಮುಗಿಸಿ ಅವರ ವಠಾರದ ಗೇಟಿನವರೆಗೂ ಹೋದೆ. ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಅವರು ಬಟ್ಟೆ ಒಣಹಾಕುತ್ತಿದ್ದುದು ಓರೆನೋಟಕ್ಕೆ ಗೊತ್ತಾಯಿತು.

"ಏನ್ ಮೇಷ್ಟ್ರೇ, ಈ ಕಡೆ ಬಂದ್ಬಿಟ್ರಿ? ಬನ್ನಿ ಒಳಗೆ, ನಮ್ಮಮ್ಮ ಕಾಫಿ ಕಾಯಿಸ್ತಾವ್ಳೆ."

"ಗುಡಿಗೆ ಬಂದಿದ್ದೆನಮ್ಮ" ಎಂದೆ. ಅಷ್ಟೇ ಹೇಳಿದೆ. ಹಿಂದಿರುಗಿದೆ.

ಆಗ ಸಮಯ ಎಂಟೂವರೆ. ಬೊಮ್ಮಸಂದ್ರಕ್ಕೆ ಹೋಗಿ ಕಾರ್ಖಾನೆಯ ಕಚೇರಿಯಲ್ಲಿ ಮುರಿದ ಕೈಯನ್ನು ತೋರಿಸಿ ಬರಲು ಒಂದು ಇಡೀ ಹಗಲು ಅವರ ಮುಂದಿತ್ತು. ಹತ್ತು ಹೆಜ್ಜೆಯ ದೂರದಲ್ಲಿ ನಿಂತಿದ್ದ ನನಗೆ ಅದು ತಿಳಿದಿತ್ತು. ಅವರಿಗೆ ತಿಳಿದಿರಲಿಲ್ಲ.

ತಿಂಗಳ ಮೇಲೆ ಒಂದು ಭಾನುವಾರ ಅವರು ಕಟ್ಟು ಬಿಚ್ಚಿಸಿದ ಕೈಯೊಂದಿಗೆ ಬಂದು, ಓದು ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಮಾತನಾಡಿದರು. ನಿಮ್ಮಲ್ಲಿ ಹಲವರು ಆ ದಿನ ಇದ್ದಿರಿ.

"ಗೇಟಲ್ಲೇ ನಿಲ್ಸಿದ್ರು. ನೀನೇ ಕೆಲಸ ಬಿಟ್ಟಿದ್ದೀಯ ಅಂತಾರೆ. ಲೆಟರ್ ಕಳ್ಸಿದ್ವಲ್ಲ ಅಂತಾರೆ. ಲೆಟರಲ್ಲಿ ವಾಸಿ ಆದ್ಮೇಲೆ ಬಾ ಅಂತ ಇತ್ತು ಅಲ್ವಾ ಮೇಷ್ಟ್ರೇ? ಇವ್ರಿಗೆ ಹೇಳಿ."

"ಹೌದು, ಹಾಗೆಯೇ ಇತ್ತು" ಎಂದೆ.

ಸಭೆಯಲ್ಲಿ ಕೋಪದ ಮಾತುಗಳೆದ್ದವು. ಕಂಪನಿಯವರು ಬರೆದುಕೊಟ್ಟು ಸುಳ್ಳಾಡುತ್ತಾರೆ ಎಂದು ಕೆಲವರು, ಲೇಬರ್ ಆಫೀಸಿಗೆ ಹೋಗಬೇಕೆಂದು ಕೆಲವರು. ನಾಗರಾಜು, "ಆ ಲೆಟರ್ ತನ್ನಿ ನಾರಾಯಣಮ್ಮ, ಅದೊಂದಿದ್ರೆ ಸಾಕು, ನಾನೇ ಅರ್ಜಿ ಬರೆದು ಕೊಡ್ತೀನಿ" ಎಂದರು.

"ಮನೆಯೆಲ್ಲ ಹುಡುಕ್ದೆ ಸಾರ್, ಸಿಕ್ಲಿಲ್ಲ. ಇಲ್ಲೇ ಬಿಟ್ನಾ ಅಂತ..."

"ಅಂದೇ ನಿನ್ನ ಕೈಗೆ ಕೊಟ್ಟೆನಲ್ಲಮ್ಮ" ಎಂದೆ.

ಅವರು ಒಂದು ಗಳಿಗೆ ಯೋಚಿಸಿ, "ಹಂಗಾದ್ರೆ ನಮ್ಮಮ್ಮನೇ ಗುಡಿಸಿ ಕಸಕ್ಕೆ ಹಾಕವ್ಳೆ" ಎಂದರು. ತನಗೆ ನೆನಪಿದ್ದುದನ್ನು ಬಿಟ್ಟು ನನ್ನ ಮಾತನ್ನು ಹಿಡಿದರು. ಮೇಷ್ಟ್ರು ತಪ್ಪು ಹೇಳಿರಲಾರರು ಎಂಬುದು ಅವರಿಗೆ ಅಷ್ಟು ಖಚಿತವಾಗಿತ್ತು.

ಇದಾದ ಕೆಲವೇ ವಾರಗಳಲ್ಲಿ ಮೊಣಕಾಲು ನೋವೆಂದು ಹೇಳಿ ನಾನು ಓದುವುದನ್ನು ಬಿಟ್ಟೆ. ಅದೂ ಸುಳ್ಳು. ಆಮೇಲಿನ ಐದು ವರ್ಷ ಮೂರು ಹೊತ್ತಿನ ಸಂಧ್ಯಾವಂದನೆಯನ್ನೂ ಬಿಡಲಿಲ್ಲ, ಏಕಾದಶಿಯ ಉಪವಾಸವನ್ನೂ ಬಿಡಲಿಲ್ಲ. ದೇವರಲ್ಲಿ ಬಹಳ ಸಲ ತಪ್ಪೊಪ್ಪಿಕೊಂಡೆ. ದೇವರಿಗೆ ಹೇಳುವುದು ಸುಲಭ — ಆತನಿಗೆ ಮೊದಲೇ ಗೊತ್ತಿತ್ತು.

ಕಳೆದ ತಿಂಗಳು ಗ್ರಂಥಾಲಯದಿಂದ ಬಂದವರು, ಓದುವ ಕಾರ್ಯಕ್ರಮಕ್ಕೆ ಹತ್ತು ವರ್ಷ ತುಂಬುತ್ತಿದೆ, ಪ್ರಾರಂಭಿಸಿದವರು ನೀವು, ನಿಮಗೆ ಸನ್ಮಾನ ಮಾಡುತ್ತೇವೆ ಎಂದರು. ಅವರಿಗೆ ಉತ್ತರ ಕೊಡುವ ಮೊದಲು ನಾರಾಯಣಮ್ಮನವರನ್ನು ಹುಡುಕಿಸಿದೆ. ಈಗ ಅವರು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದಾರೆ. ಕಾಂಟ್ರಾಕ್ಟಿನ ಕೆಲಸ, ವರ್ಷ ವರ್ಷವೂ ಹೊಸಬರಂತೆ ಸೇರಬೇಕು. ಹಿಂದಿನ ಕೆಲಸ ಹಾಗಿರಲಿಲ್ಲ. ಆಟೋ ಮಾಡಿಕೊಂಡು ಅವರ ಮನೆಗೆ ಹೋಗಿ, ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳದೆ, ಇಲ್ಲಿ ಬರೆಸಿರುವುದನ್ನೆಲ್ಲ ನಿಂತೇ ಹೇಳಿದೆ. ಕಾಗದವನ್ನೂ ಕೊಟ್ಟೆ.

ಅವರು ಕಾಗದವನ್ನು ಮಡಿಸುತ್ತ ಕೇಳಿದರು. "ಕಣ್ಣು ಕಾಣ್ತಿಲ್ಲ ಅಂದಿದ್ರೆ ನಾವ್ಯಾರಾದ್ರೂ ನಗ್ತಿದ್ವಾ ಮೇಷ್ಟ್ರೇ?"

"ನಗುತ್ತಿರಲಿಲ್ಲ."

"ಇನ್ನೊಬ್ರ ಹತ್ರ ಓದಿಸ್ಕೊಂತಿದ್ದೆ. ಅಷ್ಟೇ ತಾನೆ."

"ಅಷ್ಟೇ."

ಆಮೇಲೆ ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಹೋದದ್ದು ಕೆಲಸ ಮಾತ್ರ ಎಂದು ನಾನು ಲೆಕ್ಕ ಹಾಕಿಕೊಂಡಿದ್ದ ತಪ್ಪಿಗಿಂತ ಅದು ದೊಡ್ಡದು.

"ಕೆಲಸ ಇನ್ನೊಂದು ಸಿಕ್ತು, ಬಿಡಿ. ಆ ಕಾಗದಕ್ಕೆ ನಮ್ಮಮ್ಮನ್ನ ಬೈದೆ ನಾನು. ಒಂದಿನ ಅಲ್ಲ. ಅಕ್ಕಿ ಮುಗಿದಾಗೆಲ್ಲ ಅದನ್ನೇ ಎತ್ತಿ ಆಡ್ತಿದ್ದೆ. ನಾನ್ ಹಾಕಿಲ್ಲ ಕಣೇ ಅಂತಿದ್ಲು ಮೊದಮೊದ್ಲು. ಕಡೇಕಡೇಗೆ, ನಾನೇ ಹಾಕಿದ್ನೇನೋ ಕಣೇ, ನೆನಪಿಲ್ಲ, ತಪ್ಪಾಯ್ತು ಅಂದ್ಬಿಟ್ಲು. ಹಂಗೇ ಹೋದ್ಲು."

ಕ್ಷಮೆ ಕೇಳಬೇಕೆಂದು ಹೋದವನಿಗೆ ಆ ಪದವನ್ನು ಎತ್ತಲು ಆಗಲಿಲ್ಲ. ಅವರೂ ಕೊಡಲಿಲ್ಲ. ಹೊರಡುವಾಗ, "ಇದನ್ನ ಒಬ್ಳಿಗೇ ಹೇಳಿ ಹೋಗ್ಬೇಡಿ ಮೇಷ್ಟ್ರೇ. ಲೈಬ್ರರಿಲಿ ಅಷ್ಟು ಜನದ ಮುಂದೆ ನಮ್ಮಮ್ಮ ಅಂತ ಹೇಳಿದ್ದೀನಿ ನಾನು. ಅಲ್ಲೇ ಹೇಳಿ" ಎಂದರು.

ಸನ್ಮಾನ ಬೇಡವೆಂದು ತಿಳಿಸಿದ್ದೇನೆ. ಅದರ ಬದಲಿಗೆ, ಈಗ ಓದುತ್ತಿರುವವರು ಆ ಹೊತ್ತಿನಲ್ಲಿ ಈ ಬರಹವನ್ನು ಓದಲು ಒಪ್ಪಿದ್ದಾರೆ. ನಾನು ಕೇಳುವವರ ಸಾಲಿನಲ್ಲಿ ಕುಳಿತಿರುತ್ತೇನೆ. ಯಾರು ಏನು ಕೇಳಿದರೂ ಉತ್ತರಿಸುತ್ತೇನೆ. ನಾರಾಯಣಮ್ಮನವರು ಬರುವುದಾಗಿ ಹೇಳಿಲ್ಲ. ಅವರು ಬರಲಿ, ಬಾರದಿರಲಿ, ಹೇಳಬೇಕಾದುದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಾಗಿದೆ.

ಅವರ ತಾಯಿಯ ಹೆಸರು ಮುನಿಯಮ್ಮ. ಮುನಿಯಮ್ಮನವರು ಆ ಕಾಗದವನ್ನು ಕಸಕ್ಕೆ ಹಾಕಲಿಲ್ಲ. ಅದು ಅವರ ಮನೆಗೆ ಹೋಗಲೇ ಇಲ್ಲ. ಅದು ನನ್ನ ಬಳಿ ಇತ್ತು.