ಕಸದ ಬುಟ್ಟಿಯ ಎಂ.ಎ.

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಟೈಪಕ್ಕ ಎಂದು. ಇಪ್ಪತ್ತಾರು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಕಂಡವರ ಜಗಳಗಳನ್ನೆಲ್ಲ ಟೈಪು ಮಾಡಿ ಮಾಡಿ ಬೆರಳು ಸವೆಸಿದ ಮೇಲೆ, ಒಂದು ಬೆಳಿಗ್ಗೆ, "ನಾನು ಪುರಾತತ್ತ್ವದಲ್ಲಿ ಎಂ.ಎ. ಮಾಡ್ತೀನಿ" ಎಂದು ಘೋಷಿಸಿಬಿಟ್ಟಳು.

ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. "ಹಳೇದರ ಮೇಲೆ ಅಷ್ಟು ಆಸೆ ಇದ್ರೆ ನಾನಿಲ್ವೇನೇ?"

"ನಿಮ್ಮನ್ನ ಅಗೆದು ನೋಡಿ ಆಯ್ತಲ್ರೀ. ಏನೂ ಸಿಗಲಿಲ್ಲ" ಅಂದವಳು ಅರ್ಜಿ ತುಂಬಿದಳು.

ವಕೀಲರು ಎರಡು ವರ್ಷ ರಜೆ ಕೊಟ್ಟದ್ದೇ ದೊಡ್ಡದು. ಮೂರನೇ ವರ್ಷ ಅಂದರೆ ಕುರ್ಚಿಗೆ ಬೇರೆಯವರು ಬರುತ್ತಾರೆ ಎಂದು ಬಾಯಿಬಿಟ್ಟೇ ಹೇಳಿದ್ದರು.

ಶಾಸನ, ನಾಣ್ಯ, ಪಾಳುಕೋಟೆ ಎಂದೆಲ್ಲ ಕನಸು ಕಂಡು ಹೋದರೆ, ಪುರಾತತ್ತ್ವದ ಬಾಲಕ್ಕೆ ಸಮಾಜ ಸಂಶೋಧನೆಯ ತರಬೇತಿಯನ್ನೂ ಕಟ್ಟಿದ್ದರು. ಮಗನ ವಯಸ್ಸಿನ ಗೈಡು ಎರಡನೇ ವರ್ಷ ವಿವರಿಸಿದ: "ಮೇಡಂ, ಸತ್ತವರ ಮಡಕೆ ಚೂರು ನೋಡಿ ಅವರ ಬದುಕು ಹೇಳ್ತೀವಲ್ಲ, ಅದನ್ನೇ ಬದುಕಿರೋರ ಮೇಲೆ ಮಾಡಿ. ಮನೆಗೆ ಹೋಗಿ ಏನು ತಿಂತೀರಿ ಅಂತ ಕೇಳಿ, ಆಮೇಲೆ ಅವರ ಕಸ ನೋಡಿ. ಎರಡೂ ತಾಳೆಯಾಗುತ್ತಾ ಅಂತ ಬರೀರಿ. ಇಪ್ಪತ್ತು ಮನೆ. ಒಂದು ಕಮ್ಮಿಯಾದ್ರೂ ಇನ್ನೊಂದು ವರ್ಷ."

ಬೀದಿಯ ಇಪ್ಪತ್ತು ಮನೆಯವರೂ ನಗುನಗುತ್ತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ತುದಿಮನೆಯ ನಿವೃತ್ತ ಹೆಡ್ ಮೇಷ್ಟ್ರಂತೂ, "ಸಿಹಿಯಾ? ಸಕ್ಕರೆ ಕಾಯಿಲೆ ಬಂದ ದಿನದಿಂದ ನಾಲಿಗೆಗೂ ಸೋಕಿಸಿಲ್ಲ. ಬರ್ಕೋ!" ಎಂದು ಗುಡುಗಿದರು.

ಸೋಮವಾರ ಟೈಪಕ್ಕ ಕೈಗವಸು ಏರಿಸಿ, ತಾರಸಿಯ ಮೇಲೆ ಇಪ್ಪತ್ತು ಚೀಲ ಬಿಚ್ಚಿದಳು. ಸೇಬಿನ ಸಿಪ್ಪೆ. ಸೊಪ್ಪಿನ ದಂಟು. ಮತ್ತೆ ಸೇಬಿನ ಸಿಪ್ಪೆ. ಒಂದು ಮನೆಯವರು ಹಾಲಿನ ಪ್ಯಾಕೆಟ್ ತೊಳೆದು, ಒಣಗಿಸಿ, ಮಡಿಸಿ ಇಟ್ಟಿದ್ದರು. ಇನ್ನೊಬ್ಬರು ಚೀಲಕ್ಕೆ ರಿಬ್ಬನ್ನು ಕಟ್ಟಿದ್ದರು. ಇಪ್ಪತ್ತು ಮನೆಗೆ ಸೇರಿ ಒಂದು ಬಿಸ್ಕತ್ತಿನ ಕಾಗದವೂ ಇಲ್ಲ!

"ತಿಪ್ಪೆ ಸಾರಿಸೋದು ಕೇಳಿದ್ದೆ" ಎಂದು ಹಣೆ ಚಚ್ಚಿಕೊಂಡಳು. "ತಿಪ್ಪೆಗೆ ಇಸ್ತ್ರಿ ಹಾಕಿದ್ದು ಇವತ್ತೇ ನೋಡಿದ್ದು."

ಅಷ್ಟರಲ್ಲಿ ಕೆಳಗಿನಿಂದ ಗಂಡನ ಕೂಗು: "ಏನೇ, ಇರೋರು ಇಬ್ಬರು. ಹದಿನಾಲ್ಕು ಚಿಪ್ಸ್ ಪ್ಯಾಕೆಟ್ಟು ಯಾರೇ ತಿಂದಿದ್ದು?"

ಇಳಿದು ಬಂದು ನೋಡಿದರೆ, ಗೇಟಿನ ಪಕ್ಕದ ತನ್ನದೇ ಬುಟ್ಟಿ ಉಕ್ಕಿ ಹರಿಯುತ್ತಿದೆ. ಬೀದಿಯಲ್ಲಿ ಪರೀಕ್ಷೆಗೆ ಸಿಗದ ಬುಟ್ಟಿ ಅದೊಂದೇ ತಾನೇ! ಎಲ್ಲರೂ ತಮ್ಮ ನಿಜವಾದ ಕಸವನ್ನು ಅಲ್ಲಿಗೇ ಸಾಗಹಾಕಿದ್ದರು. ಕೊರಿಯರ್ ಕವರು, ಔಷಧಿ ಚೀಟಿ ನೋಡಿ ಯಾವುದು ಯಾರದೆಂದು ಬೇರ್ಪಡಿಸಿ, ಅಂಗಳದಲ್ಲಿ ಇಪ್ಪತ್ತು ಪೇಪರು ಹಾಸಿ ಹರಡಿದಳು. ನಿಧಿ ಸಿಕ್ಕಷ್ಟು ಖುಷಿ.

ಗೈಡು ಫೋನಿನಲ್ಲೇ ತಣ್ಣೀರೆರಚಿದ. "ಅವರು ಒಪ್ಪಿಗೆ ಕೊಟ್ಟಿದ್ದು ಅವರವರ ಬುಟ್ಟಿಗೆ, ಮೇಡಂ. ಇದೂ ನಮ್ಮದೇ ಅಂತ ಸಹಿ ಮಾಡಿದ್ರೆ ಮಾತ್ರ ಲೆಕ್ಕ. ಬಲವಂತ ಮಾಡೋ ಹಾಗಿಲ್ಲ."

ಮನೆ ಮನೆ ಸುತ್ತಿದಳು. "ನಮ್ಮದಾ? ಛೆ ಛೆ!" ಎಂಬ ಒಂದೇ ಉತ್ತರ ಹತ್ತೊಂಬತ್ತು ಬಾಗಿಲಲ್ಲಿ. ಇಪ್ಪತ್ತನೆಯದು, ತುದಿಮನೆಯ ಬಾಗಿಲು, ತೆರೆಯಲೇ ಇಲ್ಲ.

ಸೋತು ಬಂದು ತುದಿಮನೆಯ ರಾಶಿ ಕೆದಕಿದರೆ, ಹನ್ನೊಂದು ಚಾಕಲೇಟು ಕಾಗದಗಳ ನಡುವೆ, ಕರವಸ್ತ್ರದಲ್ಲಿ ಸುತ್ತಿದ ಒಂದು ಹಲ್ಲು ಸೆಟ್ಟು!

ಸಂಜೆ ಹೆಡ್ ಮೇಷ್ಟ್ರು ಬಾಯಿಗೆ ಟವೆಲು ಒತ್ತಿಕೊಂಡು ಗೇಟಿನಲ್ಲಿ ನಿಂತಿದ್ದರು. "ಮಗೂ, ನನ್ನದೊಂದು ವಶ್ತು ನಿನ್ನ ಕಶದಲ್ಲಿ ಶೇರಿರಬೇಕು..."

ಟೈಪಕ್ಕನ ಒಂದು ಕೈಯಲ್ಲಿ ಹಲ್ಲು, ಇನ್ನೊಂದರಲ್ಲಿ ಒಪ್ಪಿಗೆ ಪತ್ರ. ಒಂದಕ್ಕೊಂದು ಕೊಟ್ಟು ತಗೊಂಡರೆ ಮುಗಿಯಿತು. ಕೈ ತುರಿಸಿತು. ಆದರೆ ನಿಯಮ ನಿಯಮವೇ. ಸೋಪು ಹಾಕಿ ತೊಳೆದು ಹಲ್ಲನ್ನು ಕೊಟ್ಟೇಬಿಟ್ಟಳು. "ಸಹಿ ಕೇಳೋದಿಲ್ಲ ಮೇಷ್ಟ್ರೇ. ಬಲವಂತ ಮಾಡಬಾರದಂತೆ."

ಮೇಷ್ಟ್ರು ಹಲ್ಲು ಕಟಕ್ಕನೆ ಕೂರಿಸಿಕೊಂಡರು. ಬೆನ್ನೂ ನೆಟ್ಟಗಾಯಿತು. "ನಿಯಮ ಪಾಲಿಸಿದ ಹುಡುಗಿ ಫೇಲಾಗೋದಾ? ಪತ್ರ ತಾ ಇಲ್ಲಿ! ನಿಯಮ ನಿನಗೆ ತಾನೇ? ನನಗಿಲ್ಲವಲ್ಲ."

ಬೀದಿಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಉಳಿದರ್ಧ ಅವರ ಅಪ್ಪ ಅಮ್ಮಂದಿರು. "ನನ್ನ ಕಸ ಅಲ್ಲೇ ಇದೆ, ನಿಂದೇನು ಮಹಾ?" ಎಂದು ಮೇಷ್ಟ್ರು ಬಾಗಿಲು ತಟ್ಟಿದ ಮೇಲೆ ಯಾರಿಗೆ ಉಸಿರೆತ್ತುವ ಧೈರ್ಯ? ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಸಹಿ.

ಇಪ್ಪತ್ತನೆಯದು ಮೇಷ್ಟ್ರದೇ. ಅಲ್ಲಿಗೆ ಬಂದಾಗ ಪೆನ್ನು ತಡವರಿಸಿತು. "ನಮ್ಮ ಮನೆಯವಳಿಗೆ ಗೊತ್ತಾಗಬಾರದು, ಮಗೂ" ಎಂದು ಪಿಸುಗುಟ್ಟಿ, 'ಚಾಕಲೇಟು ಹನ್ನೊಂದು, ಎಲ್ಲವೂ ನನ್ನವೇ' ಎಂದು ಬರೆದರು.

"ಎಲ್ಲವೂ ಹೇಗೆ ನಿಮ್ಮವಾಗುತ್ತೆ?" ಹಿಂದೆಯೇ ಮೇಷ್ಟ್ರ ಹೆಂಡತಿ ನಿಂತಿದ್ದರು. "ಟೈಪಕ್ಕ, ತಿದ್ದಿಕೋ ಕಣಮ್ಮ. ಏಳು ನನ್ನವು. ಸಂಶೋಧನೆ ಅಂದ್ಮೇಲೆ ಸತ್ಯ ಇರಬೇಕು."

ಮೇಷ್ಟ್ರು ಹೆಂಡತಿಯನ್ನು ದಿಟ್ಟಿಸಿ ನೋಡಿದರು. "ಅದಕ್ಕೇ! ಬಚ್ಚಿಟ್ಟ ಡಬ್ಬ ಇಷ್ಟು ಬೇಗ ಹೇಗೆ ಖಾಲಿಯಾಗುತ್ತೆ ಅಂತಿದ್ದೆ!"