ಕೆಂಪು ಗೆರೆಯೊಳಗಿನ ಮುಖ

ಆ ಫೋಟೊ ತೆಗೆದದ್ದು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು.

ಭತ್ತದ ನಾಟಿ ಶುರುವಾದರೆ ನಮ್ಮ ಗಂಗಾವತಿ ಕಡೆಯ ರೈತರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ರೂಢಿ ಇದೆ. ನಾಟಿಯವರು ಇವತ್ತು ಯಾರ ಗದ್ದೆಗೆ ಹೊರಟಿದ್ದಾರೆ ಎಂದು ಬೆಳಿಗ್ಗೆಯೇ ಟ್ರಾಲಿಯ ಫೋಟೊ ಹಾಕಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬೇರೆಯವರು ಅವರನ್ನು ತಮ್ಮ ಗದ್ದೆಗೆ ಇಳಿಸಿಕೊಳ್ಳುತ್ತಾರೆ.

ಅಂದು ನಮ್ಮ ಗದ್ದೆಗೆ ಹೊರಟ ಟ್ರಾಲಿಯಲ್ಲಿ ಹನ್ನೊಂದು ಜನ. ಹತ್ತು ಮಂದಿ ಬಂಗಾಳದಿಂದ ನಾಟಿಗೆ ಬಂದವರು. ಹನ್ನೊಂದನೆಯವಳು ನಮ್ಮ ದೊಡ್ಡವ್ವ, ಯಲಬುರ್ಗಾದವಳು. ಬುತ್ತಿ ಹಿಡಿದುಕೊಂಡು ಬಿಸಿಲಿಗೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು.

ಎರಡು ದಿನಕ್ಕೆ ಆ ಫೋಟೊ ಟಿವಿಯಲ್ಲಿ ಬಂತು. ಯಾರು ಕಳಿಸಿದರೋ ಗೊತ್ತಿಲ್ಲ. ಟ್ರ್ಯಾಕ್ಟರನ್ನೂ ಸಸಿಯ ಕಟ್ಟುಗಳನ್ನೂ ಕತ್ತರಿಸಿ ತೆಗೆದಿದ್ದರು. ಬೆಳಗಿನ ಬಿಸಿಲನ್ನು ಕಪ್ಪಾಗಿಸಿದ್ದರು. ಕೆಳಗೆ ‘ನುಸುಳುಕೋರರು?’ ಎಂಬ ಅಕ್ಷರ. ಒಂದು ಮುಖದ ಸುತ್ತ ಕೆಂಪು ಗೆರೆ ಮಿಂಚುತ್ತಿತ್ತು. ಅದು ದೊಡ್ಡವ್ವನ ಮುಖ.

ಚಹಾದಂಗಡಿಯ ಮುಂದೆ ಊರವರು ಅವಳನ್ನು ತಡೆದು ಕೇಳಿದರು: "ಏನ್ ಯವ್ವಾ, ಯಾವ ಗಡಿ ದಾಟಿ ಬಂದಿಬೇ?"

"ಯಲಬುರ್ಗಾದ್ದು. ಕೊಪ್ಪಳದಾಗ ಬಸ್ಸು ಬದಲಿ ಮಾಡೀನಿ. ಹಿಡೀರಿ ಬೇಕಾದ್ರ."

ಎಲ್ಲರೂ ನಕ್ಕರು. ನಾನೂ ನಕ್ಕೆ. "ಟಿವಿಯವರು ತಪ್ಪು ಮಾಡ್ಯಾರ ಬಿಡ್ರಿ" ಎಂದರು. ತಪ್ಪೆಂದದ್ದು ಅವಳೊಬ್ಬಳ ಮುಖಕ್ಕೆ ಮಾತ್ರ. ಅವಳ ಭುಜಕ್ಕೆ ಭುಜ ತಾಗಿಸಿ ಕೂತ ಹತ್ತು ಮುಖಗಳಿಗೆ ಆ ಮಾತನ್ನು ಒಬ್ಬರೂ ಆಡಲಿಲ್ಲ. ನನ್ನ ಸಿಟ್ಟು ಅಲ್ಲಿಂದ ಶುರುವಾಯಿತು. ಇನ್ನೂ ಇಳಿದಿಲ್ಲ.

ಸಂಜೆ, ನಾಟಿಯವರು ಉಳಿದಿದ್ದ ಶೆಡ್ಡಿನ ಮಾಲೀಕರು ನಮ್ಮ ಮನೆಗೆ ಬಂದರು. ಹತ್ತೂ ಜನರ ಆಧಾರ್ ಕಾರ್ಡುಗಳನ್ನು ಅವರ ಮುಂದೆ ಹರಡಿದೆ. ಒಂದನ್ನೂ ಎತ್ತಿ ನೋಡಲಿಲ್ಲ.

"ಕಾರ್ಡು ಖರೇನ ಇರಬಹುದ್ರಿ. ಆದ್ರ ಮಂದಿ ಟಿವಿ ನೋಡ್ಯಾರಲ್ಲ. ನಾಳಿಗೆ ಶೆಡ್ ಖಾಲಿ ಆಗಬೇಕು." ಎದ್ದು ನಿಂತವರು, ಏನೋ ನೆನಪಾದಂತೆ ತಿರುಗಿದರು. "ಮುಂಜಾನೆ ನಮ್ಮದೊಂದು ಎಕರೆ ಉಳಿದೈತಿ, ಅದನ್ನು ನಾಟಿ ಮಾಡಿ ಹೋಗಲಿ."

ಅಂಥ ಮಾತನ್ನು ಅವರು ದನಿ ಏರಿಸದೆ ಹೇಳಿದರು. ಇವರ ಮುಖ ಊರಿಗೆ ಅಪಾಯ, ಕೈ ಮಾತ್ರ ಮಧ್ಯಾಹ್ನದವರೆಗೆ ಬೇಕು. ನನ್ನ ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯಲಾರೆ.

ನಮ್ಮ ಅಂಗಳದಲ್ಲೇ ಇರಿ ಎಂದು ನಾಟಿಯವರನ್ನು ಕೇಳಿಕೊಂಡೆ. ಅವರಲ್ಲಿ ಹಿರಿಯನೊಬ್ಬ ಕಾರ್ಡುಗಳನ್ನು ಒಂದೊಂದಾಗಿ ಎಣಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದ. ಬೇಡವೆಂದು ತಲೆಯಾಡಿಸಿದ. ನಾಲ್ಕು ವರ್ಷದಿಂದ ಬರುತ್ತಿದ್ದುದರಿಂದ ಅವನಿಗೆ ನಮ್ಮ ಮಾತು ಬರುತ್ತಿತ್ತು.

"ಫೋಟೊ ಯಾರು ತೆಗೆದ್ರು, ಬಾಬು?"

"ನಾನು."

ಅವನು ಚೀಲದ ಬಾಯಿಗೆ ಗಂಟು ಹಾಕಿದ. "ನೀವು ನಗ್ರಿ ಅಂದ್ರಿ," ಎಂದ. "ನಾವು ನಕ್ಕಿದ್ವಿ."

ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತೂ ಜನ ಹೊರಟುಹೋದರು. ಆ ಒಂದು ಎಕರೆಗೆ ಯಾರೂ ಇಳಿಯಲಿಲ್ಲ.